ಬೌರ್ದುರ್‌ನ ಗುಲ್ಮ

ಆಗಸ್ಟ್ 14, ಬೆಳಿಗ್ಗೆ 7

ರೌಂಡ್ಸ್‌ಗೆ ಮೊದಲು ಕಾಫಿ. ಆರಿಹೋಗಿತ್ತು, ಹಾಗೇ ಕುಡಿದೆ. ನಿನ್ನೆ ಬಂದ ಬೌರ್ದುರ್ ಗಟ್ಟಿಯಾಗಿದ್ದಾನೆ. ನಮ್ಮ ಕಣಿವೆಯವನೇ, ಅರವತ್ತು ದಾಟಿದವ. ಕುದುರೆ ಎಡ ಪಕ್ಕೆಗೆ ಒದ್ದಿದೆ. ಸ್ಕ್ಯಾನ್‌ನಲ್ಲಿ ಗುಲ್ಮ (ಸ್ಪ್ಲೀನ್) ಸೀಳಿದೆ, ಸುತ್ತ ಒಂದಿಷ್ಟು ರಕ್ತ. ಆದರೆ ಬಿಪಿ ಸ್ಥಿರವಾಗಿದೆ, ಹಿಮೋಗ್ಲೋಬಿನ್ ಇಳಿದಿಲ್ಲ. ಕೊಯ್ಯುವುದಿಲ್ಲ. ಮಲಗಿಸಿ ಕಾಯುವುದು.

ಅವನಿಗೆ ಹಿಡಿಸಲಿಲ್ಲ. ಡಾಕ್ಟರಾದರೂ ಅವನಿಗೆ ನಾನು ಬರೀ ಗ್ರೋವಾ.

"ತೆಗೆದು ಬಿಸಾಕು ಗ್ರೋವಾ. ನಮ್ಮಪ್ಪಂದೂ ತೆಗೆದಿದ್ರು. ತಿಂಗಳಿಗೆಲ್ಲ ಕುದುರೆ ಹತ್ತಿದ್ದ."

"ಆಮೇಲೆ ಹೇಗೆ ಸತ್ತ?"

"ಜ್ವರ ಬಂದು. ಒಂದೇ ದಿನ."

"ಅದಕ್ಕೇ ತೆಗೆಯಲ್ಲ. ಸೋಂಕು ತಡೆಯೋದೇ ಗುಲ್ಮ."

ಆಗಸ್ಟ್ 16

ರಕ್ತ ಸೋರುವುದು ನಿಂತಿದೆ. ಅವನ ಚಿಂತೆ ಬೇರೆ. ಸೆಪ್ಟೆಂಬರ್‌ನಲ್ಲಿ ಬೆಟ್ಟದಿಂದ ಕುರಿ ಇಳಿಸಬೇಕು, ಸವಾರರ ಮುಂದಾಳು ಅವನೇ. ಮೂರು ತಿಂಗಳು ಕುದುರೆ ಹತ್ತುವ ಹಾಗಿಲ್ಲ ಎಂದೆ. ಗೋಡೆ ಕಡೆ ತಿರುಗಿ ಮಲಗಿದ.

ನರ್ಸ್ ಉನ್ನೂರ್ ಬಂದು ಹೇಳಿದಳು: "ಮುನಿಸ್ಕೊಂಡಿದಾನೆ ನೋಡು, ಥೇಟ್ ಮಗು. ಮೊಸರೂ ಮುಟ್ಟಿಲ್ಲ."

ಆಗಸ್ಟ್ 21

ಮನೆಗೆ ಕಳಿಸಿದೆ. ಕೈ ಹಿಡಿದು ಮಾತು ತೆಗೆದುಕೊಂಡೆ — ಕುದುರೆ ಇಲ್ಲ. "ಕುದುರೆ ಇಲ್ಲ ಮಾರಾಯ್ತಿ, ಬಿಡು," ಎಂದ. ಮಾತಿಗೆ ತಪ್ಪುವವನಲ್ಲ. ಗುಲ್ಮ ಉಳಿಯಿತು. ಖುಷಿಯಾಗಿದೆ.

ಸೆಪ್ಟೆಂಬರ್ 13, ಸಂಜೆ

ಬೆಳಿಗ್ಗೆ ರಜೆ. ಬೆಟ್ಟದಿಂದ ಇಳಿದ ಕುರಿಗಳನ್ನು ಯಾರ್ಯಾರ ಮನೆಯವೆಂದು ವಿಂಗಡಿಸುವ ದಿನ, ಕಣಿವೆಯವರೆಲ್ಲ ದೊಡ್ಡಿಯಲ್ಲಿ. ಬೌರ್ದುರ್ ಬೇಲಿಗೆ ಒರಗಿ ಕಾಫಿ ಕುಡಿಯುತ್ತಿದ್ದ. ಕಾಲಡಿ ನೆಲ ತೋರಿಸಿ ಕೈ ಬೀಸಿದ — ನೋಡು, ಕುದುರೆ ಇಲ್ಲ.

ನಮ್ಮಣ್ಣನ ಟಗರು ನನ್ನ ಕೈಯಿಂದ ಜಾರಿತು. "ಹಿಡೀರಿ! ಹಿಡೀರಿ!" ಎಂದು ಕೂಗಿದೆ. ಅದು ಓಡಿದ್ದು ಅವನ ಕಡೆಗೆ. ಕಾಫಿ ಲೋಟ ಬಿಸಾಕಿ, ಕೊಂಬು ಹಿಡಿದು, ತೊಡೆ ಮಧ್ಯೆ ಅಮುಕಲು ಹೋದ. ಇಲ್ಲಿ ಬೆಳೆದವರ ಕೈ ಯೋಚಿಸಿ ಹಿಡಿಯುವುದಿಲ್ಲ. ಟಗರು ಗುಮ್ಮಿತು. ಎಡ ಪಕ್ಕೆಗೇ. ನಗುತ್ತಲೇ ಕುಸಿದ.

ಆಂಬುಲೆನ್ಸ್‌ನಲ್ಲೇ ಬಿಪಿ ಎಪ್ಪತ್ತಕ್ಕೆ ಇಳಿದಿತ್ತು. ಈ ಸಲ ಕಾಯಲಿಲ್ಲ. ಹೊಟ್ಟೆ ತೆರೆದೆ — ತುಂಬ ರಕ್ತ. ಗುಲ್ಮ ಎರಡು ಹೋಳು. ತೆಗೆದೆ. ಬದುಕಿದ.

ಎಷ್ಟು ಉಜ್ಜಿದರೂ ಕೈಯಲ್ಲಿ ಉಣ್ಣೆಯ ಜಿಡ್ಡಿನ ವಾಸನೆ. ಕುದುರೆ ಬೇಡ ಎಂದಿದ್ದೆ. ಕುರಿಯ ಮಾತೇ ಎತ್ತಲಿಲ್ಲ. ಕುರಿ ಸಾಕಿದವರ ಮಗಳು ನಾನು.

ಸೆಪ್ಟೆಂಬರ್ 27

ಬೌರ್ದುರ್ ಮನೆಗೆ ಹೊರಡುವ ಮೊದಲು ಲಸಿಕೆ ಹಾಕಿಸಿದೆ. ಗುಲ್ಮ ಇಲ್ಲದ ಮೈಗೆ ಜ್ವರ ಆಟವಲ್ಲ. ಬಂದರೆ ಮೊದಲು ಈ ಆಂಟಿಬಯಾಟಿಕ್ ಮಾತ್ರೆ, ಕೂಡಲೇ ಇಲ್ಲಿಗೆ ಎಂದೆ. ಮಾತ್ರೆಯನ್ನು ಎದೆಯ ಜೇಬಿಗೆ ಹಾಕಿಕೊಂಡ. ತಮಾಷೆ ಮಾಡಲಿಲ್ಲ.

ಅವತ್ತು ಕೂಗಿದ್ದು ನಾನು, ಕ್ಷಮಿಸು ಎಂದೆ.

"ಗೊತ್ತು ಕಣೇ. ಕಿವಿ ಗುರುತು ನೋಡ್ದೆ, ನಿಮ್ಮನೇದು. ಬಿಟ್ಬಿಡಕ್ಕಾಗತ್ತಾ?" ಬಾಗಿಲ ಹತ್ತಿರ ನಿಂತ. "ಈಗ ಒಡೆಯಕ್ಕೆ ಏನೂ ಉಳಿದಿಲ್ಲ. ಬರೋ ವರ್ಷ ಕುದುರೆ?"

"ಹತ್ತು ಮಾರಾಯ," ಎಂದೆ. ನಗು ಬಂತು, ಅಳುವೂ.

ನವೆಂಬರ್ 2, ಬೆಳಿಗ್ಗೆ 6

ಡ್ಯೂಟಿ ಮುಗಿಯುವ ಹೊತ್ತಿಗೆ ಬೌರ್ದುರ್‌ನ ಫೋನು. ಚಳಿ ಹತ್ತಿದೆಯಂತೆ, ಜ್ವರ ಮೂವತ್ತೊಂಬತ್ತು ಸೆಲ್ಸಿಯಸ್. ಮಾತ್ರೆ ನುಂಗಿದ್ದಾನೆ. ಹೆಂಡತಿ ಕಾರು ಓಡಿಸುತ್ತಿದ್ದಾಳೆ. "ಹೊರಟಿದೀವಿ, ಗಾಬರಿ ಆಗ್ಬೇಡ" — ನನಗೆ ಹೇಳುತ್ತಾನೆ!

ಇಂಜೆಕ್ಷನ್ ಸಿದ್ಧ. ಉನ್ನೂರ್ ಬಾಗಿಲಲ್ಲಿದ್ದಾಳೆ. ರಸ್ತೆ ತುಂಬ ಹಿಮ. ಅವನಪ್ಪನಿಗೆ ಒಂದೇ ದಿನ ಸಾಕಾಗಿತ್ತು. ಭಯವಾಗುತ್ತಿದೆ. ತಿರುವಿನಲ್ಲಿ ಕಾರಿನ ದೀಪ… ಅವರೇ ಇರಬೇಕು —