ಏಳನೆಯ ಅಧ್ಯಾಯ

ಹತ್ತನೇ ತಾರೀಖು, ಭಾನುವಾರ

ಪ್ರೀತಿಯ ಅಣ್ಣನಿಗೆ,

ನಾವೆಲ್ಲ ಕ್ಷೇಮ, ನೀವೂ ಹಾಗೇ ಇದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಬೈದುಕೋ. ಅಪ್ಪನ ಪುಸ್ತಕದ ಕೆಲಸವಿತ್ತು ಎಂದು ನೆಪ ಹೇಳಬಹುದು. ಆದರೆ ಈಗ ಆ ಪುಸ್ತಕ ಕಂಡರೇ ನನಗೆ ಹೇಸಿಗೆ.

ಅಪ್ಪ ತಾಲೀಮು ಮುಗಿಸಿ ಬಂದವನೇ ಸ್ಟೂಲಿನ ಮೇಲೆ ಕೂತು ಪೆನ್ಸಿಲಿನಲ್ಲಿ ಗೀಚುತ್ತಿದ್ದನಲ್ಲ, ಅಪ್ಪ ಹೋದ ಮೇಲೆ ಆ ಹನ್ನೊಂದು ನೋಟ್‌ಬುಕ್ಕುಗಳೇ ಈ ಪುಸ್ತಕವಾದದ್ದು. ಅವುಗಳಲ್ಲಿದ್ದದ್ದು ಶಿಷ್ಯರ ಬಗ್ಗೆ ಟಿಪ್ಪಣಿಗಳು: ಇವನ ಎಡ ಮಂಡಿ ಸಡಿಲ, ಅವಳು ಒದೆಯುವ ಮೊದಲು ನೆಲ ನೋಡುತ್ತಾಳೆ, ಇಂಥವೇ. ಸದಾ ಎಡವುತ್ತಿದ್ದ ಒಬ್ಬನಿಗೆ "ಮೊದಲು ಕಾಲೂರು" ಎಂದು ಬರೆದದ್ದನ್ನು ಪ್ರಕಾಶಕರು ಹೂಬಳ್ಳಿಯ ಚೌಕಟ್ಟಿನಲ್ಲಿಟ್ಟು ಜೀವನಸೂತ್ರ ಮಾಡಿದ್ದಾರೆ. ತಕರಾರು ಎತ್ತಿದ್ದಕ್ಕೆ, "ಮೇಡಂ, ಯಾರದೋ ಮಂಡಿ ಯಾರಿಗ್ ಬೇಕು? ಜನಕ್ಕೆ ತತ್ವ ಬೇಕು" ಅಂದರು. ಅದನ್ನೂ ನುಂಗಿಕೊಂಡೆ.

ಮೊನ್ನೆ ತಾಲೀಮು ಶಾಲೆಗೆ ಹೋಗಿದ್ದೆ. ಅಪ್ಪನ ಹಿರಿಯ ಶಿಷ್ಯ, ನೀನು ಗೂಳಿ ಎಂದು ಕರೆಯುತ್ತಿದ್ದವನು, ಮೂವತ್ತು ಜನರನ್ನು ಸಾಲಾಗಿ ನಿಲ್ಲಿಸಿ ಪುಸ್ತಕದ ಏಳನೆಯ ಅಧ್ಯಾಯ ಕಲಿಸುತ್ತಿದ್ದ. ಎಲ್ಲರೂ ಎಡಗೈಯನ್ನು ಪಕ್ಕೆಗೊತ್ತಿ, ಮುಂದಕ್ಕೆ ಬಾಗಿ, ಅರ್ಧ ಉಸಿರೆಳೆದು, ನಾಲ್ಕು ಎಣಿಸಿ ಬಿಡುತ್ತಿದ್ದರು. ನೋಡಿದ ಕೂಡಲೇ ಗುರುತು ಸಿಕ್ಕಿತು. ಕೊನೆಯ ಮೂರು ತಿಂಗಳು ಅಪ್ಪ ನಮ್ಮ ಮನೆಯ ಮೆಟ್ಟಿಲು ಹತ್ತುತ್ತಿದ್ದದ್ದು ಹಾಗೆ, ಅದನ್ನೇ ನೋಟ್‌ಬುಕ್ಕಿನಲ್ಲೂ ಗೀಚಿಟ್ಟಿದ್ದ. ಶ್ವಾಸಕೋಶ ಪೂರ್ತಿ ಕೆಟ್ಟಿದೆ ಎಂದು ಡಾಕ್ಟರು ಹೇಳಿದ್ದು ಕೊನೆಯ ವಾರದಲ್ಲಲ್ಲವೇ?

"ಇದು ವಿದ್ಯೆ ಅಲ್ಲ ಕಣೋ, ಅಪ್ಪನ ಕಾಯಿಲೆ" ಅಂದೆ.

"ಗುರುಗಳು ಸುಮ್‌ಸುಮ್ನೆ ಏನೂ ಬರೀತಿರ್ಲಿಲ್ಲ ಅಕ್ಕ. ನಮಗಂತೂ ತುಂಬಾ ಗುಣ ಕಾಣ್ತಿದೆ" ಅಂದ.

ಹಿಂದಿನ ಸಾಲಿನಲ್ಲಿ ಒಬ್ಬ ಕೆಮ್ಮಿದ. ಅದೂ ಪಾಠವೇ ಇರಬೇಕೆಂದು ಪಕ್ಕದವನೂ ಕೆಮ್ಮಿದ. ಇವರ ಭಕ್ತಿಗಿಷ್ಟು ಬೆಂಕಿ ಹಾಕ.

ಎರಡನೆಯ ಮುದ್ರಣಕ್ಕೆ ನಿನ್ನ ಸಹಿ ಕೇಳಿ ಪ್ರಕಾಶಕರು ಬರೆಯುತ್ತಾರೆ. ಆ ಅಧ್ಯಾಯ ತೆಗೆಯುವವರೆಗೆ ಹಾಕಬೇಡ. ಬೆಣ್ಣೆಯಂಥ ಮಾತಾಡುತ್ತಾರೆ, ಕರಗಬೇಡ. ಅತ್ತಿಗೆಗೆ ನನ್ನ ನೆನಪು ಹೇಳು. ಮಕ್ಕಳು ನೂರ್ಕಾಲ ಚೆನ್ನಾಗಿರಲಿ.

ನಿನ್ನ ತಂಗಿ

ತಾ.ಕ.: ನೋಟ್‌ಬುಕ್ಕುಗಳನ್ನು ವಿಂಗಡಿಸಿದವಳು ನಾನೇ. ಆ ಪುಟಗಳಿಗೆ "ಉಸಿರಾಟ" ಎಂದು ಚೀಟಿ ಅಂಟಿಸಿದವಳೂ ನಾನೇ. ಆಗಲೂ ಅದನ್ನು ಅಪ್ಪನ ವ್ಯಾಯಾಮವೆಂದೇ ತಿಳಿದಿದ್ದೆ. ಮನೆ ವಿಷಯ ಬೇಡವೆಂದು ಪ್ರಕಾಶಕರು ಹೇಳಿದ್ದಕ್ಕೆ ಅಲ್ಲಿನ ಒಂದು ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೆ. ಇವತ್ತು ಮತ್ತೆ ತೆಗೆದು ಓದಿದೆ: "ಮಗಳು ಇವತ್ತೂ ನೋಡಿದಳು. ಏನೂ ಕೇಳಲಿಲ್ಲ. ಸದ್ಯ."