ಪೆಟ್ಟಿಗೆಯ ವರ್ಷ ತಿರುಗುವ ಮುನ್ನ

ಅರಸೀಕೆರೆ, ಮಾರ್ಚ್ ೨೨, ೨೧೯೭
(ನಿಮ್ಮ ಪೆಟ್ಟಿಗೆಯ ತಾರೀಖಿನಂತೆ ಬ್ಯಾಡಗಿ, ಮಾರ್ಚ್ ೨೨, ೨೦೨೭)

ಪೂಜ್ಯ ಚನ್ನವೀರಪ್ಪ ಮೋಟೆಬೆನ್ನೂರ ಅಜ್ಜಾರಿಗೆ,

ಮದುವೆಯಾಯಿತು ಅಜ್ಜಾರ, ನನಗೂ ನಿಮ್ಮ ಆರನೇ ತಲೆಮಾರಿನ ಸೋಮಲಿಂಗನಿಗೂ, ಇವತ್ತಿಗೆ ಸರಿಯಾಗಿ ಇಪ್ಪತ್ತು ದಿನ! ನನ್ನ ಹೆಸರು ದವನ. ಗಂಡನ ಹೆಸರು ಹಿಡಿದು ಬರೆಯುತ್ತಿದ್ದೇನೆಂದು ಬೇಸರಪಡಬೇಡಿ, ಈಗ ಎಲ್ಲರೂ ಹಾಗೇ ಕರೆಯುವುದು. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಅದನ್ನೂ ಮನ್ನಿಸಬೇಕು. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಉದ್ದದ ಕಾಗದ ಬರೆಯುತ್ತಿರುವುದು ಇದೇ ಮೊದಲು. ಜೊತೆಗೆ ನೂರ ಎಪ್ಪತ್ತು ವರ್ಷಗಳಲ್ಲಿ ಹುಟ್ಟಿದ ಕೆಲವು ಪದಗಳು ನಿಮಗೆ ಗೊತ್ತಿರಲಾರವು. ಬಂದಲ್ಲಿ ವಿವರಿಸುತ್ತೇನೆ.

ನೀವು ನೋಡಿಕೊಳ್ಳುತ್ತಿರುವ ಕೋಲ್ಡ್ ಸ್ಟೋರೇಜ್ ಈಗಲೂ ಇದೆ. ಏಳು ಕೋಣೆಗಳು, ಕೋಣೆಯ ತುಂಬ ಮೆಣಸಿನಕಾಯಿ ಚೀಲಗಳು. ನಮ್ಮ ಕಾಲದ ಮಾರ್ಚ್ ತಿಂಗಳ ಬಿಸಿಲಿಗೆ ಹೊರಗಿಟ್ಟ ಕಾಯಿ ವಾರದಲ್ಲಿ ಬಣ್ಣ ಬಿಡುತ್ತದೆ, ಬೀಜ ಸಾಯುತ್ತದೆ. ಆದ್ದರಿಂದ ಸುತ್ತಲಿನ ಹದಿನಾರು ಹಳ್ಳಿಗಳ ಬಿತ್ತನೆ ಬೀಜವೂ ಅಲ್ಲೇ ಇರುತ್ತದೆ. ತಂಪು ಕಾಯುವ ಕಂಪ್ಯೂಟರನ್ನು ಮನೆಯಲ್ಲಿ ಎಲ್ಲರೂ ಪೆಟ್ಟಿಗೆ ಎನ್ನುತ್ತಾರೆ. ಹೊರಗಿನ ಡಬ್ಬಿಯನ್ನು ಹದಿನೇಳು ಸಲ ಬದಲಿಸಿದ್ದಾರೆ. ಒಳಗಿನ ಆಪರೇಟಿಂಗ್ ಸಿಸ್ಟಂ ಮಾತ್ರ ನಿಮ್ಮ ಕಾಲಕ್ಕೇ ಹಳೆಯದಾಗಿತ್ತಲ್ಲ, ಅದೇ. ಹೀಗೆ ಮಾಡಿದವರು ಹೋಗಿ ಯಂತ್ರ ಮಾತ್ರ ಉಳಿದ ಕಡೆ ಅದನ್ನು ನೋಡಿಕೊಳ್ಳುವವರಿಗೆ ನಮ್ಮಲ್ಲಿ ಹಿಂಗಾವಲು ಎನ್ನುತ್ತಾರೆ. ಸೋಮಲಿಂಗನ ಮನೆತನಕ್ಕೆ ಊರಿನಲ್ಲಿ ಈಗ ಅದೇ ಹೆಸರು. ಹಿಂಗಾವಲಿನವರು ಅರ್ಧ ದಿನಕ್ಕಿಂತ ಹೆಚ್ಚು ಊರು ಬಿಡುವಂತಿಲ್ಲ. ಇಪ್ಪತ್ತೊಂಬತ್ತು ವರ್ಷದ ನನ್ನ ಗಂಡ ಇನ್ನೂ ಸಮುದ್ರ ನೋಡಿಲ್ಲ ಅಜ್ಜಾರ!

ಅದಕ್ಕೇ ನಮ್ಮ ಮದುವೆ ನನ್ನ ತವರು ಅರಸೀಕೆರೆಯಲ್ಲಿ ನಡೆಯಲಿಲ್ಲ, ನಿಮ್ಮ ಕೋಲ್ಡ್ ಸ್ಟೋರೇಜಿನ ಚೀಲ ಇಳಿಸುವ ಕಟ್ಟೆಯ ಮೇಲೆ ನಡೆಯಿತು. ಮೆಣಸಿನಕಾಯಿಯ ಘಾಟಿಗೆ ಬೀಗರೆಲ್ಲ ಸೀನಿದರು. ಅಕ್ಕಿಕಾಳು ಬೀಳುವ ಹೊತ್ತಿಗೆ ಮೂರನೇ ಕೋಣೆಯ ಗಂಟೆ ಹೊಡೆಯಿತು, ಮದುಮಗ ಬಾಸಿಂಗದ ಸಮೇತ ಓಡಿದ. ನಾನು ಒಬ್ಬಳೇ ನಿಂತಿದ್ದೆ. ನಮ್ಮ ಚಿಕ್ಕಮ್ಮ ಎಲ್ಲರಿಗೂ ಕೇಳುವಂತೆ, "ಹುಡುಗೀನ ಅಳಿಯಂಗೆ ಕೊಟ್ಟಿದ್ದೀವೋ, ಆ ಪೆಟ್ಟಿಗೆಗೆ ಕೊಟ್ಟಿದ್ದೀವೋ?" ಎಂದರು. ಅತ್ತೆಯವರು ನಗುತ್ತಲೇ ತಿರುಗಿಸಿ ಹೇಳಿದರು: "ಪೆಟಿಗಿ ನಮ್ಮ ಹಿರೇ ಸೊಸಿ ಇದ್ದಂಗ ಬಿಡ್ರೀ ಬೀಗತಿ. ಮಾತಾಡೂದಿಲ್ಲ, ಉಣ್ಣೂದಿಲ್ಲ, ಆದ್ರ ಯಾರನ್ನೂ ಮನಿ ಬಿಟ್ಟು ಹೋಗಗೊಡೂದಿಲ್ಲ." ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಯೋಚಿಸಿದಾಗ ನಗು ಬರಲಿಲ್ಲ.

ಈ ಪೆಟ್ಟಿಗೆಯನ್ನು ಯಾಕೆ ಬದಲಿಸಲಿಲ್ಲ ಎಂದು ಮೊದಮೊದಲು ನನಗೆ ಸಿಟ್ಟಿತ್ತು. ಸೋಮಲಿಂಗ ತಾಳ್ಮೆಯಿಂದ ತಿಳಿಸಿ ಹೇಳಿದ. ಹೊಸದನ್ನು ಕೂಡಿಸಲು ಏಳೂ ಕೋಣೆ ಒಟ್ಟಿಗೆ ಖಾಲಿಯಾಗಬೇಕು, ಅವು ಎಂದೂ ಒಟ್ಟಿಗೆ ಖಾಲಿಯಾಗುವುದಿಲ್ಲ. ಯಾರದಾದರೂ ಒಬ್ಬರ ಹತ್ತು ಚೀಲ ಇದ್ದೇ ಇರುತ್ತವೆ. ನಡೆಯುತ್ತಿರುವುದನ್ನು ನಿಲ್ಲಿಸಿ ಕೆಟ್ಟರೆ ದೂರು ಒಬ್ಬನ ಮೇಲೆ ಬರುತ್ತದೆ; ಹಾಗೇ ಬಿಟ್ಟು ಕೆಟ್ಟರೆ ಯಾರ ಮೇಲೂ ಬರುವುದಿಲ್ಲ. ನಿಮ್ಮ ಮೊಮ್ಮಗನ ಕಾಲದಲ್ಲಿ ಒಮ್ಮೆ ಧೈರ್ಯ ಮಾಡಿ ಹೊಸದನ್ನು ತಂದಿದ್ದರಂತೆ. ಮೂರನೇ ಕೋಣೆಯ ಮಾಪಕ ಎರಡು ಡಿಗ್ರಿ ಹೆಚ್ಚು ತೋರಿಸುತ್ತದೆ ಎಂಬುದು ಹಳೆಯ ಪೆಟ್ಟಿಗೆಗೆ ಗೊತ್ತಿತ್ತು, ಏಕೆಂದರೆ ಅದನ್ನು ನೀವು ಕಲಿಸಿದ್ದಿರಿ. ಹೊಸದಕ್ಕೆ ಯಾರೂ ಹೇಳಲಿಲ್ಲ, ಎಲ್ಲೂ ಬರೆದಿರಲಿಲ್ಲ. ಕೋಣೆ ಬೇಕಾದ್ದಕ್ಕಿಂತ ಹೆಚ್ಚು ತಣ್ಣಗಾಗಿ, ಕಾಯಿಯಲ್ಲಿ ನೀರಾಡಿ, ಬೂಷ್ಟು ಹಿಡಿಯಿತು, ಹಳೆಯದನ್ನೇ ಮತ್ತೆ ಕೂಡಿಸಿದರು. ಅಂದಿನಿಂದ ಬ್ಯಾಡಗಿಯಲ್ಲಿ ಹೊಸ ಸಿಸ್ಟಂ ಎಂದರೆ ಬೂಷ್ಟು ಎಂದೇ ಅರ್ಥ.

ಇನ್ನು ತಿರುವಿನ ವಿಷಯ. ಪೆಟ್ಟಿಗೆಯ ಪರವಾನಗಿ ವರ್ಷಕ್ಕೊಮ್ಮೆ, ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತದೆ; ಮುಗಿದರೆ ಪೆಟ್ಟಿಗೆ ನಿಲ್ಲುತ್ತದೆ, ಕೋಣೆಗಳ ತಂಪೂ ಹೋಗುತ್ತದೆ. ಅದನ್ನು ಮುಂದುವರಿಸುತ್ತಿದ್ದ ಕಂಪನಿ ಮುಚ್ಚಿ, ಫೋನ್ ಎತ್ತುವವರಿಲ್ಲದಾಗ ನೀವು "ಸದ್ಯಕ್ಕ ಹಿಂಗ ನಡೀಲಿ" ಎಂದು ತಾರೀಖನ್ನು ಒಂದು ವರ್ಷ ಹಿಂದಕ್ಕೆ ತಿರುಗಿಸಿದಿರಿ. ಅಲ್ಲ, ತಿರುಗಿಸಲಿದ್ದೀರಿ, ಇನ್ನು ಒಂಬತ್ತು ದಿನಕ್ಕೆ. ಪೆಟ್ಟಿಗೆ ಆ ಒಂದೇ ವರ್ಷವನ್ನು ನೂರ ಎಪ್ಪತ್ತು ಸಲ ಬಾಳಿದೆ. ಅದಕ್ಕೇ ನಾನು ಇಲ್ಲಿಂದ ಕಳುಹಿಸುವ ಈ ಕಾಗದವನ್ನು ಸೋಮಲಿಂಗ ನಾಳೆ ಎರಡು ಬೆರಳಿನಲ್ಲಿ ಅದರೊಳಗೆ ಟೈಪ್ ಮಾಡುತ್ತಾನೆ. ನಿಮ್ಮ ವರ್ಷಕ್ಕೆ ನನಗೆ ಗೊತ್ತಿರುವ ಅಂಚೆಪೆಟ್ಟಿಗೆ ಅದೊಂದೇ. ನಗಬೇಡಿ.

ತಾರೀಖು ತಿರುಗಿಸಲು ಪಾಸ್‌ವರ್ಡ್ ಬೇಕು. ನಿಮ್ಮ ಮನೆತನ ಅದನ್ನು ಮಂತ್ರದಂತೆ ಕಾಪಾಡಿದೆ. ಹಿರಿಯರು ಕೆಲಸ ಬಿಟ್ಟುಕೊಡುವ ವರ್ಷ, ದೀಕ್ಷೆ ಕೊಡುವ ಹಾಗೆ, ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಕಿವಿಯಲ್ಲಿ ಹೇಳಬೇಕು, ಬರೆದರೆ ಮೈಲಿಗೆ. ಮಾವನವರಿಗೆ ಶಿವರಾತ್ರಿಯಿಂದಲೇ ಬಲಗೈ ಜೋಮು ಹಿಡಿಯುತ್ತಿತ್ತು. ನಮ್ಮ ಕಾಲದ ದವಾಖಾನೆ ಬೆಳಿಗ್ಗೆ ಬಂದವರನ್ನು ಸಂಜೆ ನಡೆಸಿ ಕಳುಹಿಸುತ್ತದೆ ಅಜ್ಜಾರ, ಹೋದರೆ ಸಾಕು. ನಾನು ಎಷ್ಟು ಬೇಡಿಕೊಂಡೆ! "ತಿರುವು ಮುಗೀಲಿ ತಂಗೀ, ಆಮ್ಯಾಲ ದವಾಖಾನಿಗೆ ಹೋದ್ರಾತು. ಕೈ ಎಲ್ಲಿ ಓಡಿಹೋಗ್ತೈತಿ?" ಎಂದರು. ನಾನು ಸಾಮಾನು ತರಲು ಅರಸೀಕೆರೆಗೆ ಬಂದೆ. ಮೊನ್ನೆ ಭಾನುವಾರ ಅವರು ಪೆಟ್ಟಿಗೆಯ ಮುಂದೆಯೇ ಬಿದ್ದರು. ದವಾಖಾನೆಗೆ ಒಯ್ಯುವಷ್ಟರಲ್ಲಿ ತಡವಾಗಿತ್ತು; ಜೀವ ಉಳಿದಿದೆ. ಮಾತು ಹೋಗಿದೆ, ಬಲಗೈ ಏಳುವುದಿಲ್ಲ. ಸೋಮಲಿಂಗ ಒಂದೊಂದೇ ಅಕ್ಷರ ತೋರಿಸಿ ಕೇಳಿದರೆ ಕಣ್ಣೀರು ಬರುತ್ತದೆ, ಉತ್ತರ ಬರುವುದಿಲ್ಲ. ನಮ್ಮ ಕಾಲದ ಜಾಣರಿಗೆ ಆ ಹಳೆಯ ಸಿಸ್ಟಂ ಸವೆದ ಶಾಸನದಂತೆ, ಓದಲು ಬರುವುದಿಲ್ಲ. ಮೂರು ಸಲ ತಪ್ಪು ಪದ ಕೊಟ್ಟರೆ ಅದು ಮುಚ್ಚಿಕೊಳ್ಳುತ್ತದೆ. ಒಂಬತ್ತು ದಿನದಲ್ಲಿ ಏಳು ಕೋಣೆ ಖಾಲಿ ಮಾಡಿ ಆ ಬೀಜವನ್ನೆಲ್ಲ ಇಡಲು ತಂಪಾದ ಜಾಗ ಎಲ್ಲೂ ಇಲ್ಲ. ಹದಿನಾರು ಹಳ್ಳಿಗಳವರು ದಿನಾ ಬಂದು ಕಟ್ಟೆಯ ಮೇಲೆ ಸುಮ್ಮನೆ ಕೂತು ಹೋಗುತ್ತಾರಂತೆ. ಯಾರೂ ಬೈಯುವುದಿಲ್ಲ. ಬೈದರೆ ಚೆನ್ನಾಗಿತ್ತು ಎನ್ನುತ್ತಾನೆ ಸೋಮಲಿಂಗ.

ನೀವು ಪೆಟ್ಟಿಗೆಯನ್ನು ಬದಲಿಸಬೇಕಿತ್ತು ಎಂದು ನಾನು ಹೇಳುವುದಿಲ್ಲ. ಕೋಣೆ ತುಂಬ ಬೇರೆಯವರ ಬೆಳೆ ಇರುವಾಗ ನಾನಿದ್ದರೂ ಸದ್ಯಕ್ಕೆ ನಡೆಯಲಿ ಎನ್ನುತ್ತಿದ್ದೆನೇನೋ. ಹಳೆಯದನ್ನು ಇಟ್ಟುಕೊಂಡದ್ದು ನಮ್ಮನ್ನು ಕೆಡಿಸಲಿಲ್ಲ. ಅದರ ಮರ್ಮ ಒಬ್ಬೊಬ್ಬರ ನಾಲಿಗೆಯ ಮೇಲೆ ಮಾತ್ರ ಉಳಿದದ್ದು ಕೆಡಿಸಿತು. ಹಾಗಾಗಿ ಕೇಳುವುದು ಇಷ್ಟೇ: ಬರೆದಿಡಿ. ಆ ಪದ, ಆ ಎರಡು ಡಿಗ್ರಿ, ಇದನ್ನು ಬರೆಯುವುದೇನು ಎಂದು ನಿಮಗೆ ನಾಚಿಕೆ ಎನಿಸುವಂಥ ಸಣ್ಣಪುಟ್ಟದ್ದು ಎಲ್ಲವನ್ನೂ. ಕಿವಿಗೆ ಹೇಳುವ ಪದ್ಧತಿ ಇನ್ನೂ ಹುಟ್ಟಿಲ್ಲ, ನಿಮ್ಮ ಮಗನಿಂದ ಶುರುವಾಗುತ್ತದೆ. ಮೈಲಿಗೆಯಾಗುವುದಿಲ್ಲ, ನಾನು ಭಾಷೆ ಕೊಡುತ್ತೇನೆ.

ಪೆಟ್ಟಿಗೆಯ ಕೋಣೆಯ ಉತ್ತರದ ಗೋಡೆಯಲ್ಲಿ ದೀಪವಿಡುವ ಒಂದು ಗೂಡು ಇದೆ. ನಿಮ್ಮ ಕಾಲದ ಚಿತ್ರದಲ್ಲಿ ಅದು ತೆರೆದಿದೆ. ಆಮೇಲೆ ಯಾರೋ ಇಟ್ಟಿಗೆಯಿಟ್ಟು ಸುಣ್ಣ ಬಳಿದಿದ್ದಾರೆ, ಇದುವರೆಗೂ ಯಾರೂ ಒಡೆದು ನೋಡಿಲ್ಲ. ಬರೆದ ಹಾಳೆಯನ್ನು ಡಬ್ಬಿಯಲ್ಲಿ ಹಾಕಿ ಅಲ್ಲಿಡಿ. ಸೋಮಲಿಂಗನಿಗೆ ಒಡೆಯಲು ಧೈರ್ಯವಿಲ್ಲ. ಒಳಗೆ ಏನೂ ಇಲ್ಲದಿದ್ದರೆ ಎಂದು ಹೆದರುತ್ತಾನೆ. ನಾನೇ ಒಡೆಯುತ್ತೇನೆ, ಬರೆದಿಡಲು ನಿಮಗೆ ಎಂಟು ದಿನ ಬಿಟ್ಟು. ಮಾರ್ಚ್ ಮೂವತ್ತು, ಗುರುವಾರ, ಅರಸೀಕೆರೆಯಿಂದ ಬೆಳಿಗ್ಗೆ ಏಳಕ್ಕೆ ಬಿಡುವ ಹುಬ್ಬಳ್ಳಿ ಪ್ಯಾಸೆಂಜರಿಗೆ ಸುತ್ತಿಗೆ ಹಿಡಿದು ಬರುತ್ತಿದ್ದೇನೆ.

ನಿಮ್ಮ ಮನೆಯ ಸೊಸೆ,
ದವನ