ಕೊನೆಯ ಬೆಂಚಿಗೂ ಕೇಳಿದ ಮಾತು

ಬುಧವಾರ, ೨೩ ಅಕ್ಟೋಬರ್ ೧೯೧೮

ಇವತ್ತು ನನ್ನ ಗಂಟಲು ಒಂದು ತಪ್ಪು ಮಾಡಿತು. ಊರೆಲ್ಲ ಹರಡಿರುವ ಈ ಇನ್‌ಫ್ಲುಯೆಂಜಾ ಜ್ವರದಲ್ಲಿ ರೋಗಿ ಬದುಕುತ್ತಾನೋ ಎಂದು ಯಾರು ಕೇಳಿದರೂ, ಡಾಕ್ಟರಿಕೆ ಕಲಿಯುವ ನಾವು "ನೋಡುವ" ಎಂದಷ್ಟೇ ಹೇಳಬೇಕೆಂದು ದೊಡ್ಡ ಡಾಕ್ಟರರ ಅಪ್ಪಣೆ. ತಿಂಗಳಿಂದ ಹೇಳಿ ಹೇಳಿ ಆ ಮಾತು ನನಗೆ ಕ್ವಿನೈನಿಗಿಂತ ಕಹಿಯಾಗಿದೆ.

ಬೋಳಾರದ ಮೀನುಗಾರ ಗಿರಿಯಪ್ಪನ ಮಂಚದ ಬಳಿ ಅವನ ಹೆಂಡತಿ ವಾರಿಜಾಕ್ಷಿ ಮೂರು ದಿನದಿಂದ ಉಪವಾಸ ಕೂತಿದ್ದಳು.

"ನೋಡುವ ನೋಡುವ ಅಂತೀರಿ. ಎಂತ ನೋಡುವುದು ಮಾರಾಯ್ರೇ, ಇದೆಂತ ನಾಟಕವಾ?" ಎಂದಳು.

ಅಪ್ಪನ ನಾಟಕ ಮಂಡಳಿಯ ಪರದೆಯ ಹಿಂದೆ ಬೆಳೆದವನು ನಾನು. ಅಭ್ಯಾಸದಂತೆ ಎದೆ ತುಂಬ ಉಸಿರೆಳೆದುಕೊಂಡೆ.

"ಗುಣ ಆಗ್ತದೆ ಅಕ್ಕ, ನೀವು ಊಟ ಮಾಡಿ" ಎಂದೆ.

ನಾಟಕದ ಕೊನೆಯ ಬೆಂಚಿಗೂ ಕೇಳಿಸುವ ದನಿ ಅದು. ವಾರ್ಡಿನ ಹದಿನೆಂಟು ತಲೆಗಳೂ ನನ್ನತ್ತ ತಿರುಗಿದವು. ಮೂಲೆಯ ಮಂಚದ ಮುದುಕ ದುಗ್ಗಪ್ಪ, "ನನಗೂ ಹಾಗೇ ಅಲ್ವಾ ಡಾಕ್ಟ್ರೇ?" ಎಂದ. ಹೌದೆಂದೆ.

ವಾರಿಜಾಕ್ಷಿ ಗಂಜಿ ಕುಡಿದಳು, ದುಗ್ಗಪ್ಪನೂ ಕುಡಿದ. ಗಿರಿಯಪ್ಪನ ಜ್ವರ ಮಾತ್ರ ಸಂಜೆಗೂ ನೂರನಾಲ್ಕರಿಂದ ಇಳಿಯಲಿಲ್ಲ.

ಆದರೂ ಇಬ್ಬರ ಹೊಟ್ಟೆಗೆ ಗಂಜಿ ಬಿತ್ತಲ್ಲ ಎಂದು ಇಷ್ಟು ದಿನ ಇಲ್ಲದ ಒಂದು ಸಮಾಧಾನ ಈಗ ಉಂಟು. ನಾಳೆ ಬೆಳಿಗ್ಗೆ ವಾರ್ಡಿನ ಬಾಗಿಲಲ್ಲಿ ನಿಂತಾಗ ಮೊದಲು ಗಿರಿಯಪ್ಪನ ಮಂಚದ ಕಡೆಗೇ ಕಣ್ಣು ಹೋಗುತ್ತದೆ. ಆಗ ಏನೋ ಎಂತೋ, ನೋಡುವ.